ಮಾಂಸ ಬಿಡದೆ ಹೊಟ್ಟೆ ಸರಿ ಮಾಡಿಕೊಂಡೆ: ನನ್ನ ಅನುಭವ

ಮಾಂಸ ತಿಂದರೆ ಹೊಟ್ಟೆ ಕೆಡುತ್ತದೆ ಅಂತ ಹೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಬಿಟ್ಟುಬಿಡಿ." ಡಾಕ್ಟರ್ ಅದನ್ನೇ ಹೇಳಿದರು. ಮನೆಯವರು, ಗೆಳೆಯರು ಎಲ್ಲರೂ ಅದನ್ನೇ ಹೇಳಿದರು. ನಾನು ಬಿಡಲಿಲ್ಲ. ಹತ್ತಿರ ಹತ್ತಿರ ಎರಡು ವರ್ಷ ಒಂದೊಂದನ್ನೇ ಬೇರೆ ಮಾಡಿ ತಿಂದು ನೋಡಿ ಕಾರಣ ಹಿಡಿದೆ. ಈಗ ವಾರಕ್ಕೆ ಮೂರ್ನಾಲ್ಕು ಸಲ ಮಾಂಸ ತಿನ್ನುತ್ತೇನೆ, ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ. "ನಿಂಗ್ಯಾಕೆ ಈ ಹುಚ್ಚು" ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದೇ ತೊಂದರೆ ಇರುವವರಿಗೆ ಲಕ್ಷಣ ವಿವರಿಸಬೇಕಾಗಿಲ್ಲ. ತಿಂದ ಎರಡು ಮೂರು ಗಂಟೆಗೆ ಮೇಲ್ಹೊಟ್ಟೆ ಕಲ್ಲಿನ ಹಾಗೆ ಭಾರ. ಆಮೇಲೆ ಹುಳಿತೇಗು, ಎದೆಯುರಿ. ಬೆಳಗಾಗುವ ಹೊತ್ತಿಗೆ ಹೊಟ್ಟೆ ಉಬ್ಬರ, ಒಂದೆರಡು ಸಲ ಸಡಿಲವಾಗಿ ಭೇದಿ. ಇದೆಲ್ಲ ಒಂದೇ ಕಾಯಿಲೆ ಅಂತ ನಾನೂ ಅಂದುಕೊಂಡಿದ್ದೆ, ನೋಡಿದ ಡಾಕ್ಟರುಗಳೂ ಹಾಗೇ ಅಂದುಕೊಂಡರು. ಮೇಲ್ಹೊಟ್ಟೆಯ ಭಾರಕ್ಕೆ ಒಂದು ಕಾರಣ, ಬೆಳಗಿನ ಉಬ್ಬರಕ್ಕೆ ಇನ್ನೊಂದು ಕಾರಣ ಅಂತ ಗೊತ್ತಾಗುವ ಹೊತ್ತಿಗೆ ತುಂಬ ದುಡ್ಡು ಹೋಗಿತ್ತು.

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ, ರಕ್ತ ಪರೀಕ್ಷೆ ಎಲ್ಲ ಸೇರಿ ಸುಮಾರು ಒಂದು ತಿಂಗಳ ಸಂಬಳ. ಎಲ್ಲ ನಾರ್ಮಲ್ ಬಂತು. ಆ ಖರ್ಚಿನ ಬಗ್ಗೆ ನನಗೆ ಬೇಜಾರಿಲ್ಲ. ಪಿತ್ತಕೋಶದಲ್ಲಿ ಕಲ್ಲಿಲ್ಲ, ಜಠರದಲ್ಲಿ ಹುಣ್ಣಿಲ್ಲ ಅಂತ ಗೊತ್ತಾಗದೆ ಮುಂದಿನ ಪ್ರಯೋಗಕ್ಕೆ ಕೈ ಹಾಕುವುದು ಸರಿಯಲ್ಲ. ಆಮೇಲೆ ಆದ ಖರ್ಚು ನೆನೆಸಿಕೊಂಡರೆ ಮಾತ್ರ ಈಗಲೂ ಸಿಟ್ಟು ಬರುತ್ತದೆ. ಒಂದು ಲ್ಯಾಬ್‌ನವರು ರಕ್ತ ತೆಗೆದು, ನೂರಕ್ಕೂ ಹೆಚ್ಚು ಆಹಾರಗಳಿಗೆ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ನೋಡಿ, ಬಣ್ಣಬಣ್ಣದ ಪಟ್ಟಿ ಕೊಟ್ಟರು. ಸ್ಕ್ಯಾನಿಂಗಿಗಿಂತ ಅದಕ್ಕೇ ಜಾಸ್ತಿ ದುಡ್ಡು. ಪಟ್ಟಿಯಲ್ಲಿ ಕೋಳಿ, ಮೊಟ್ಟೆ, ಗೋಧಿ, ಹಾಲು ಎಲ್ಲ ಕೆಂಪು. ನಾನು ದಿನಾ ತಿನ್ನುವುದೆಲ್ಲ ಕೆಂಪು! ಐಜಿಜಿ ಇದ್ದರೆ ಆ ಆಹಾರ ನಮ್ಮ ಮೈಗೆ ಪರಿಚಯ ಇದೆ ಅಂತ ಮಾತ್ರ ಅರ್ಥ. ಅಲರ್ಜಿ ತಜ್ಞರ ದೊಡ್ಡ ಸಂಘಗಳೇ ಈ ಪರೀಕ್ಷೆ ನಂಬಬೇಡಿ ಅನ್ನುತ್ತವೆ. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ.

ಮಾತ್ರೆಗಳ ಕಥೆ ಚಿಕ್ಕದು. ಆಸಿಡ್ ಕಮ್ಮಿ ಮಾಡುವ ಮಾತ್ರೆಯಿಂದ ಎದೆಯುರಿ ತಗ್ಗಿತು, ಭಾರ ತಗ್ಗಲಿಲ್ಲ. ಜೀರ್ಣಕ್ಕೆ ಅಂತ ಮಾರುವ ಕಿಣ್ವದ ಮಾತ್ರೆ ಮೂರು ಕಂಪನಿಯದ್ದು ನೋಡಿದೆ, ಒಂದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮೇದೋಜೀರಕ ಗ್ರಂಥಿಯೇ ಕೆಲಸ ಮಾಡದವರಿಗೆ ಆ ಕಿಣ್ವ ಜೀವ ಉಳಿಸುವ ಔಷಧ. ಗ್ರಂಥಿ ಸರಿ ಇದ್ದವರಿಗೆ ಅದರಿಂದ ಏನಾಗಬೇಕು? ಮಲದಲ್ಲಿ ಎಲಾಸ್ಟೇಸ್ ಅನ್ನುವ ಆ ಗ್ರಂಥಿಯ ಕಿಣ್ವ ನೋಡುವ ಪರೀಕ್ಷೆ ಇದೆ, ಅದು ಮಾಡಿಸಿಕೊಂಡರೆ ಗ್ರಂಥಿಯ ವಿಷಯ ಗೊತ್ತಾಗುತ್ತದೆ. ನನ್ನದು ಸರಿಯಾಗಿಯೇ ಇತ್ತು.

ಇನ್ನು ಅಸಲು ವಿಷಯ. ಮೊದಲ ಸುಳಿವು ಸಿಕ್ಕಿದ್ದು ಮಾಂಸ ತಿನ್ನದ ದಿನ. ಆವತ್ತು ಬರೀ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತಿಂದಿದ್ದೆ, ಸ್ವಲ್ಪ ಜಾಸ್ತಿಯೇ. ಸರಿಯಾಗಿ ಎರಡೂವರೆ ಮೂರು ಗಂಟೆಗೆ ಅದೇ ಭಾರ, ಅದೇ ಜಾಗ. ಎರಡನೇ ಸುಳಿವು ಕೋಳಿಯಿಂದ. ಕೆಂಪು ಮಾಂಸ ಬಿಟ್ಟು ಬರೀ ಕೋಳಿ ತಿನ್ನು ಅಂದಿದ್ದರು, ತಿಂದೆ. ಎದೆಯ ಭಾಗ ತಿಂದ ದಿನ ಏನೂ ಇಲ್ಲ. ಚರ್ಮ ಸಮೇತ ತೊಡೆ ತಿಂದ ದಿನ ಒದ್ದಾಟ. ಪ್ರಾಣಿ ಒಂದೇ ಆದರೂ ಫಲ ಬೇರೆ. ಬೇಯಿಸಿದ ಚರ್ಮವಿಲ್ಲದ ಎದೆ ಮಾಂಸ ನೂರು ಗ್ರಾಂನಲ್ಲಿ ಕೊಬ್ಬು ಮೂರ್ನಾಲ್ಕು ಗ್ರಾಂ. ಚರ್ಮ ಸೇರಿದ ತೊಡೆಯಲ್ಲಿ ಹದಿನೈದರ ಆಸುಪಾಸು. ಹಂದಿಯ ಹೊಟ್ಟೆ ಭಾಗದಲ್ಲಂತೂ ಅರ್ಧಕ್ಕರ್ಧ ಕೊಬ್ಬೇ.

ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಜಠರಕ್ಕೆ "ನಿಧಾನ" ಅಂತ ಸಂದೇಶ ಹೋಗುತ್ತದೆ, ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಎಲ್ಲರಲ್ಲೂ ಹೀಗೇ ಆಗುವುದು. ಕೆಲವರ ಹೊಟ್ಟೆ ಇದನ್ನು ನೋವಿನ ಹಾಗೆ ಎತ್ತಿ ತೋರಿಸುತ್ತದೆ. ನನ್ನದು ಆ ಜಾತಿ.

ಆಗ ಒಂದು ಅಡುಗೆ ತೂಕದ ಯಂತ್ರ ತಂದೆ. ನಮ್ಮ ಭಾವ ನೋಡಿ ನಕ್ಕರು. "ಚಿನ್ನ ತೂಗ್ತೀರೋ, ಮಾಂಸ ತೂಗ್ತೀರೋ?" ನಗಲಿ ಬಿಡಿ, ಇಡೀ ಪ್ರಯಾಣದಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ಕೆಲಸ ಮಾಡಿದ್ದು ಅದೇ.

ನಾನು ಮಾಡಿದ್ದು ಇಷ್ಟು. ಕೊಬ್ಬು ಪೂರ್ತಿ ಕತ್ತರಿಸಿ ತೆಗೆದ ಕುರಿ ಮಾಂಸ, ನೂರು ಗ್ರಾಂ, ಬರೀ ಉಪ್ಪು ನೀರಲ್ಲಿ ಮೆತ್ತಗೆ ಬೇಯಿಸಿದ್ದು, ಜೊತೆಗೆ ಅನ್ನ. ಇದು ಮೊದಲ ಪಾತ್ರೆ. ಎರಡನೆಯದರಲ್ಲೂ ಅದೇ ಮಾಂಸ, ಅದೇ ತೂಕ, ಆದರೆ ತೆಗೆದಿಟ್ಟ ಕೊಬ್ಬನ್ನು ಕರಗಿಸಿ ಮೇಲೆ ಎರಡು ಚಮಚ. ಮೂರನೆಯದಕ್ಕೆ ಕೊಬ್ಬಿಲ್ಲ, ಈರುಳ್ಳಿ ಬೆಳ್ಳುಳ್ಳಿ ಧಾರಾಳ. ಒಂದೊಂದಕ್ಕೂ ಮಧ್ಯೆ ಮೂರು ದಿನ ಬಿಡುವು, ಆ ದಿನಗಳಲ್ಲಿ ಮಾಂಸವೂ ಇಲ್ಲ, ಕರಿದದ್ದೂ ಇಲ್ಲ. ಮಧ್ಯಾಹ್ನವೇ ತಿನ್ನುತ್ತಿದ್ದೆ. ರಾತ್ರಿ ತಿಂದು ಮಲಗಿದರೆ ಎದೆಯುರಿ ತಾನಾಗೇ ಸೇರಿಕೊಂಡು ಲೆಕ್ಕ ತಪ್ಪಿಸುತ್ತದೆ. ತಿಂದ ಹೊತ್ತು, ಏನಾಯಿತು, ಎಷ್ಟು ಗಂಟೆಗೆ ಆಯಿತು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ಇಡೀ ಸುತ್ತನ್ನು ಮತ್ತೆ ಮತ್ತೆ ಮಾಡಿದೆ. ಒಂದು ಸಲ ಆದದ್ದನ್ನು ನಾನು ನಂಬುವುದಿಲ್ಲ.

ಮೊದಲ ಪಾತ್ರೆಯಿಂದ ಏನೂ ಆಗಲಿಲ್ಲ. ನಾನೇ ನಂಬಲಿಲ್ಲ, ಕುರಿ ಮಾಂಸ ತಿಂದು ಸಂಜೆ ಆರಾಮಾಗಿ ಓಡಾಡುತ್ತಿದ್ದೆ! ಎರಡನೆಯದರಿಂದ ಮೂರು ಗಂಟೆಯೊಳಗೆ ಭಾರ ಬಂತು. ಮೂರನೆಯದರಲ್ಲಿ ಮೇಲ್ಹೊಟ್ಟೆ ಹಗುರ, ಆದರೆ ರಾತ್ರಿಯಿಂದ ಉಬ್ಬರ, ಬೆಳಗ್ಗೆ ಭೇದಿ. ಅಲ್ಲಿಗೆ ಕಳ್ಳರು ಇಬ್ಬರು ಅಂತ ಖಚಿತವಾಯಿತು, ಇಬ್ಬರೂ ಮಾಂಸದ ಹೆಸರಲ್ಲಿ ಓಡಾಡುತ್ತಿದ್ದರು.

ಈರುಳ್ಳಿ ಬೆಳ್ಳುಳ್ಳಿಯ ವಿಷಯ ಹೊಸದೇನಲ್ಲ. ಅವುಗಳಲ್ಲಿರುವ ಫ್ರಕ್ಟಾನ್ ಅನ್ನುವ ಸಕ್ಕರೆಯ ಸರಪಳಿ ಯಾರಿಗೂ ಜೀರ್ಣ ಆಗುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ, ಗ್ಯಾಸ್ ಮಾಡುವ ಇಂಥ ಸಕ್ಕರೆಗಳನ್ನು ಊಟದಲ್ಲಿ ಕಮ್ಮಿ ಮಾಡುವ ಫಾಡ್‌ಮ್ಯಾಪ್ ಪದ್ಧತಿಯ ಬಗ್ಗೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಆ ಹೆಸರು ಬಂದದ್ದು 2005ರಲ್ಲಿ. ಅವರ ಲೆಕ್ಕದಲ್ಲಿ ಬರೀ ಮಾಂಸದಲ್ಲಿ ಇಂಥ ಸಕ್ಕರೆ ಇಲ್ಲವೇ ಇಲ್ಲ. ನಾವು ಮಾಂಸವನ್ನು ಬರೀ ಮಾಂಸವಾಗಿ ಎಲ್ಲಿ ತಿನ್ನುತ್ತೇವೆ, ಅಲ್ವಾ?

ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಎಸಳನ್ನೆಲ್ಲ ತೆಗೆದುಹಾಕಿ, ಆ ಎಣ್ಣೆಯಲ್ಲಿ ಅಡುಗೆ ಮಾಡಬಹುದು. ಘಮ ಪೂರ್ತಿ ಬರುತ್ತದೆ, ಗ್ಯಾಸ್ ಬರುವುದಿಲ್ಲ. ಆ ಎಣ್ಣೆಯನ್ನು ಆಗಲೇ ಬಳಸಿಬಿಡಿ, ಹೊರಗೆ ಇಟ್ಟರೆ ವಿಷವಾಗುವ ಅಪಾಯ ಇದೆ. ಸಾರಿನಲ್ಲಿ ಇಡೀ ಈರುಳ್ಳಿ ಹಾಕಿ ಆಮೇಲೆ ತೆಗೆಯುವ ಪ್ರಯತ್ನ ಕೆಲವರು ಮಾಡುತ್ತಾರೆ. ಅದು ನಡೆಯುವುದಿಲ್ಲ, ಅಷ್ಟು ಹೊತ್ತಿಗೆ ಎಲ್ಲ ನೀರಿಗೆ ಇಳಿದಿರುತ್ತದೆ. ಈರುಳ್ಳಿಯ ಗಟ್ಟಿತನ ಸಾರಿಗೆ ಹೇಗೆ ತರುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ತುಂಬ ದಿನ ಕಷ್ಟಪಟ್ಟು ಹದ ಮಾಡಿದ ಪುಡಿ ಅದು. ಮನೆಗೆ ಬಂದವರು ಊಟ ಮಾಡಿ ಈರುಳ್ಳಿ ಇಲ್ಲ ಅಂತ ಇಲ್ಲಿಯವರೆಗೆ ಒಬ್ಬರೂ ಕಂಡುಹಿಡಿದಿಲ್ಲ.

ಕೊಬ್ಬು ತೆಗೆಯಲು ಕತ್ತರಿಸುವುದಷ್ಟೇ ಸಾಲದು, ಮಾಂಸದ ಎಳೆಗಳ ಮಧ್ಯೆಯೂ ಕೊಬ್ಬು ಇರುತ್ತದೆ. ನಾನು ಹಿಂದಿನ ದಿನವೇ ಬೇಯಿಸಿ, ಆರಿಸಿ, ಫ್ರಿಜ್‌ನಲ್ಲಿ ಇಡುತ್ತೇನೆ. ಬೆಳಗ್ಗೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿ ಮೇಲೆ ಕೂತಿರುತ್ತದೆ, ಚಮಚದಲ್ಲಿ ಎತ್ತಿದರೆ ಬರುತ್ತದೆ. ಒಂದು ಕಿಲೋ ಕುರಿ ಮಾಂಸಕ್ಕೆ ಒಂದು ಲೋಟದ ಹತ್ತಿರ ಬಂದದ್ದೂ ಇದೆ. ಅದನ್ನು ನೋಡಿದ ದಿನ ನಮ್ಮ ಭಾವ ನಗುವುದು ನಿಲ್ಲಿಸಿದರು.

ಈ ಫ್ರಿಜ್ ಕೆಲಸದಿಂದ ಇನ್ನೊಂದು ವಿಷಯ ಹೊರಬಿತ್ತು. ದೊಡ್ಡ ಪಾತ್ರೆಯಲ್ಲಿ ಮಾಡಿ ರಾತ್ರಿಯಿಡೀ ಒಲೆಯ ಮೇಲೇ ಬಿಟ್ಟ ಸಾರು ತಿಂದರೆ ಹೊಟ್ಟೆ ಕಿವುಚಿ ಭೇದಿ ಆಗುವುದು ಬೇರೆಯೇ ಕಥೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಪಾತ್ರೆ ನಿಧಾನವಾಗಿ ಆರುವಾಗ ಬೆಳೆದುಬಿಡುತ್ತವೆ. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆನೋವು, ಭೇದಿ. ಇದನ್ನು ಎಷ್ಟೋ ಜನ "ನನಗೆ ಮಾಂಸ ಆಗಲ್ಲ" ಅಂತ ಬರೆದುಕೊಂಡಿರುತ್ತಾರೆ. ಅಗಲ ಪಾತ್ರೆಗಳಿಗೆ ಸ್ವಲ್ಪ ಸ್ವಲ್ಪ ಸುರಿದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ನಾನು ಪ್ರಯೋಗದ ದಿನಗಳಲ್ಲಿ ಹಳೆಯ ಮಾಂಸ ಮುಟ್ಟುತ್ತಲೇ ಇರಲಿಲ್ಲ.

ಅಳತೆಯ ಮಿತಿ ಹುಡುಕಲು ಇನ್ನಷ್ಟು ತಿಂಗಳು ಹಿಡಿಯಿತು. ಕೊಬ್ಬಿಲ್ಲದ ಮಾಂಸವೇ ಆದರೂ ಬೇಯಿಸಿದ ಮೇಲೆ ನೂರೈವತ್ತು ಗ್ರಾಂ ದಾಟಿದರೆ ನನಗೆ ಭಾರ ಶುರು. ನೂರಿಪ್ಪತ್ತಕ್ಕೆ ನಿಲ್ಲಿಸಿದರೆ ಆರಾಮ. ಒಂದು ಹೊತ್ತಿನ ಊಟದಲ್ಲಿ ಎಲ್ಲ ಸೇರಿ ಕೊಬ್ಬು ಹದಿನೈದು ಗ್ರಾಂ ಒಳಗೆ ಇರಬೇಕು, ಒಗ್ಗರಣೆ ಎಣ್ಣೆಯೂ ಅದರಲ್ಲೇ ಬಂತು. ಇವು ನನ್ನ ಹೊಟ್ಟೆಯ ಅಂಕಿ. ನಿಮ್ಮದನ್ನು ನೀವೇ ಹುಡುಕಬೇಕು.

ಮಧ್ಯೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ಹಸಿ ಪರಂಗಿಕಾಯಿ ಅರೆದು ಮಾಂಸಕ್ಕೆ ಸವರಿ ನೋಡಿದೆ. ಅದರಲ್ಲಿರುವ ಪಪೈನ್ ಮಾಂಸದ ಎಳೆಗಳನ್ನು ಕಡಿಯುತ್ತದೆ. ಮಾಂಸ ಮೆತ್ತಗಾಯಿತು, ಹೆಚ್ಚು ಹೊತ್ತು ಬಿಟ್ಟದ್ದು ಮುದ್ದೆಯೇ ಆಯಿತು. ಹೊಟ್ಟೆಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ನಿಧಾನವಾಗಿ ತುಂಬ ಹೊತ್ತು ಬೇಯಿಸುವುದರಿಂದ ಲಾಭ ಕಂಡಿತು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊತ್ತು ಕೊಟ್ಟರೆ ನಾರಿನಂಥ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ, ಅಗಿಯುವುದು ಸುಲಭ. ಅದರ ಹದಕ್ಕೆ ನನ್ನದೇ ಒಂದು ಕ್ರಮ ಇದೆ, ಅದನ್ನೂ ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ. ಊಟ ಆದ ಮೇಲೆ ಹದಿನೈದು ನಿಮಿಷ ನಿಧಾನ ನಡೆದರೆ ತೇಗು ಕಮ್ಮಿ. ಮಲಗಲು ಮೂರು ಗಂಟೆ ಬಿಟ್ಟು, ಎಡ ಮಗ್ಗುಲಿಗೆ ಮಲಗಿದರೆ ಎದೆಯುರಿ ಅರ್ಧಕ್ಕರ್ಧ ಕಮ್ಮಿ. ಆಸಿಡ್ ಹೆಚ್ಚಿಸುವ ಮಾತ್ರೆ ನುಂಗಿ ಅಂತ ಒಬ್ಬರು ಒತ್ತಾಯ ಮಾಡಿದರು, ನಾನು ಮುಟ್ಟಲಿಲ್ಲ. ಹುಣ್ಣಿದ್ದವರಿಗೆ ಅದು ಅಪಾಯ.

ಈ ನೋಟ್‌ಬುಕ್ ತೆಗೆದುಕೊಂಡು ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಪುಟ ತಿರುವಿ ತಿರುವಿ ಓದಿದರು. "ಇಷ್ಟು ಚೆನ್ನಾಗಿ ಬರೆದುಕೊಂಡು ಬರೋರು ಕಡಿಮೆ ರೀ" ಅಂದರು. ಆಸಿಡ್ ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸಿಸಿದ್ದೂ ಅವರೇ. ತಿಂಗಳು ತಿಂಗಳು ಮಾತ್ರೆಗೆ ಹೋಗುತ್ತಿದ್ದ ದುಡ್ಡು ಈಗ ಒಳ್ಳೆಯ ಕೊಬ್ಬಿಲ್ಲದ ತುಂಡಿಗೆ ಹೋಗುತ್ತದೆ, ಅದರ ಮೇಲೂ ಉಳಿಯುತ್ತದೆ.

ಅವರು ಹೇಳಿದ ಒಂದು ಮಾತು ನಿಮಗೂ ದಾಟಿಸಬೇಕು. ಕೋಳಿ, ಮೀನು ಸರಿಹೋಗಿ, ಕುರಿ, ದನ, ಹಂದಿ ಮಾಂಸಕ್ಕೆ ಮಾತ್ರ ತೊಂದರೆ ಆಗುತ್ತಿದೆಯಾ? ಅದೂ ತಿಂದ 2ರಿಂದ 6 ಗಂಟೆ ಆದಮೇಲೆ, ಹೊಟ್ಟೆನೋವಿನ ಜೊತೆ ಮೈ ತುರಿಕೆ, ದದ್ದು? ಹಾಗಿದ್ದರೆ ನನ್ನ ಪ್ರಯೋಗ ಮಾಡಲೇಬೇಡಿ. ಉಣ್ಣಿ (ರಕ್ತ ಹೀರುವ ಉಣುಗು) ಕಚ್ಚಿದ ಮೇಲೆ ಕೆಲವರಿಗೆ ಆಲ್ಫಾ-ಗ್ಯಾಲ್ ಅನ್ನುವ ಸಕ್ಕರೆಗೆ ಅಲರ್ಜಿ ಹುಟ್ಟುತ್ತದೆ. ಈ ಸಕ್ಕರೆ ಇಂಥ ಪ್ರಾಣಿಗಳ ಮಾಂಸದಲ್ಲಿ ಇರುತ್ತದೆ, ಕೋಳಿ ಮೀನಿನಲ್ಲಿ ಇರುವುದಿಲ್ಲ. ಕೆಲವರಲ್ಲಿ ದದ್ದು ಇಲ್ಲದೆ ಬರೀ ಹೊಟ್ಟೆನೋವು, ಭೇದಿ ಮಾತ್ರ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ರಕ್ತ ಪರೀಕ್ಷೆ ಇದೆ, ಮೇಲೆ ಹೇಳಿದ ಐಜಿಜಿ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಅಲರ್ಜಿ ಇದ್ದವರು ಇನ್ನೊಮ್ಮೆ ತಿಂದು ನೋಡಿದರೆ ಉಸಿರಿಗೇ ಕುತ್ತು ಬರಬಹುದು. ಕಪ್ಪು ಮಲ, ರಕ್ತ, ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಬಲ ಪಕ್ಕೆಯ ಕೆಳಗೆ ಬಿಡದ ನೋವು ಇದ್ದರೂ ಮೊದಲು ಡಾಕ್ಟರ್, ಆಮೇಲೆ ತೂಕದ ಯಂತ್ರ.

ಈಗ ಲಿವರ್ ಮೇಲೆ ಕೆಲಸ ನಡೆದಿದೆ. ಕೊಬ್ಬು ಕಮ್ಮಿ, ಆದರೂ ಎಂಬತ್ತು ಗ್ರಾಂಗೇ ಹೊಟ್ಟೆ ಗೊಣಗುತ್ತದೆ, ಯಾಕೆ ಅಂತ ಇನ್ನೂ ಹಿಡಿದಿಲ್ಲ. ಪಿತ್ತಕೋಶ ತೆಗೆಸಿಕೊಂಡವರು ಯಾರಾದರೂ ಈ ಮೂರು ಪಾತ್ರೆಯ ಪರೀಕ್ಷೆ ಮಾಡಿದ್ದರೆ ಅಂಕಿ ಸಮೇತ ಬರೆಯಿರಿ. ಕೊಬ್ಬಿನ ಮಿತಿ ಎಷ್ಟಕ್ಕೆ ನಿಂತಿತು ಅನ್ನುವುದು ನನಗೆ ಬೇಕು.