ಸೂಜಿ ಕಂಡರೆ ಮೂರ್ಛೆ ಹೋಗುತ್ತಿದ್ದ ನಾನು ಮೈ ಬಿಗಿಹಿಡಿಯಲು ಕಲಿತದ್ದು

ರಕ್ತಪರೀಕ್ಷೆಗೆ ಕೈ ಚಾಚಿ ಕುಳಿತಾಗಲೆಲ್ಲ ನನಗೆ ಸಿಗುತ್ತಿದ್ದ ಸಲಹೆ ಒಂದೇ: ಮೈ ಸಡಿಲ ಬಿಡಿ, ದೀರ್ಘವಾಗಿ ಉಸಿರಾಡಿ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ, ಪಾಲಿಸುತ್ತಲೇ ಕುರ್ಚಿಯಿಂದ ಕುಸಿಯುತ್ತಿದ್ದೆ. ಸಲಹೆಯೇ ನನ್ನ ಮಟ್ಟಿಗೆ ತಲೆಕೆಳಗಾಗಿತ್ತು ಎಂಬುದನ್ನು ಬಿಡಿಸಿ ಹೇಳಿದವರು ಒಬ್ಬ ಮನಶ್ಶಾಸ್ತ್ರಜ್ಞೆ.

ಎತ್ತರ, ಜೇಡ ಅಥವಾ ಮುಚ್ಚಿದ ಕೋಣೆಗೆ ಹೆದರುವವರ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಬಿದ್ದೇಬಿಡುತ್ತೇನೆ ಎಂದು ಅವರಿಗೆ ಅನ್ನಿಸಿದರೂ ಅವರು ಮೂರ್ಛೆ ಹೋಗುವುದು ಅಪರೂಪ. ರಕ್ತ, ಗಾಯ ಮತ್ತು ಸೂಜಿಯ ಫೋಬಿಯಾದಲ್ಲಿ ಮಾತ್ರ ಆ ಏರಿಕೆಯ ಬೆನ್ನಿಗೇ ಎರಡೂ ಥಟ್ಟನೆ ಇಳಿದು, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇಳಿಯುತ್ತಿರುವ ಒತ್ತಡವನ್ನು ಮೈ ಸಡಿಲಿಸಿ ಇನ್ನಷ್ಟು ಇಳಿಸುವುದರಲ್ಲಿ ಅರ್ಥವಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ, ಸ್ನಾಯುಗಳನ್ನು ಬಿಗಿಹಿಡಿದು ರಕ್ತದೊತ್ತಡವನ್ನು ಏರಿಸುವ ವಿಧಾನ ಇದಕ್ಕೆ ನೇರ ಉತ್ತರ. ಈ ಭೀತಿ ವಂಶದಲ್ಲಿ ಹರಿದುಬರುವುದು ಸಾಮಾನ್ಯವಂತೆ. ಗಾಯಕ್ಕೆ ಪಟ್ಟಿ ಕಟ್ಟುವಾಗ ನಮ್ಮ ತಂದೆ ಹೊರಗೆ ಹೋಗಿ ನಿಲ್ಲುತ್ತಿದ್ದುದು ಆಗ ನೆನಪಾಯಿತು.

ಕುಳಿತಲ್ಲಿಯೇ ತೋಳು, ಹೊಟ್ಟೆ, ಕಾಲುಗಳನ್ನು ಮುಖ ಬಿಸಿಯಾಗುವವರೆಗೆ, ಅಂದರೆ ಸುಮಾರು 10ರಿಂದ 15 ಸೆಕೆಂಡು ಬಿಗಿಹಿಡಿಯಬೇಕು. ಬಳಿಕ 20ರಿಂದ 30 ಸೆಕೆಂಡು ಮೈಯನ್ನು ಸಹಜ ಸ್ಥಿತಿಗೆ ತರಬೇಕೇ ಹೊರತು ಪೂರ್ತಿ ಸಡಿಲಿಸಬಾರದು. ಹೀಗೆ ಐದು ಆವರ್ತನೆ. ಮೊದಲ ದಿನಗಳಲ್ಲಿ ನಾನು ಬಿಗಿಯುವುದರ ಜೊತೆಗೆ ಉಸಿರನ್ನೂ ಕಟ್ಟುತ್ತಿದ್ದೆನಾದ್ದರಿಂದ ತಲೆಸುತ್ತು ಅದರಿಂದಲೇ ಬರುತ್ತಿತ್ತು. ಬಿಗಿತ ಮತ್ತು ಉಸಿರನ್ನು ಬೇರ್ಪಡಿಸುವುದಕ್ಕೇ ಒಂದು ವಾರ ಹಿಡಿಯಿತು.

ಆಮೇಲೆ ಹೆದರಿಕೆಯ ಮೆಟ್ಟಿಲುಗಳನ್ನು ಬರೆದು, ಒಂದೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಟ್ಟೆವು. ಸಿರಿಂಜಿನ ಚಿತ್ರ, ಕೈಯಲ್ಲಿ ಹಿಡಿದ ಸಿರಿಂಜು, ರಕ್ತ ತೆಗೆಯುವ ವಿಡಿಯೊ ಇವೆಲ್ಲ ಅಂದುಕೊಂಡದ್ದಕ್ಕಿಂತ ಬೇಗ ಹಳತಾದವು. ನಾನು ಸಿಕ್ಕಿಹಾಕಿಕೊಂಡದ್ದು ಪಟ್ಟಿಯಲ್ಲೇ ಇರದ ಒಂದು ಸಂಗತಿಯಲ್ಲಿ: ಸ್ಪಿರಿಟ್ಟಿನ ವಾಸನೆ. ಹತ್ತಿಗೆ ಸ್ಪಿರಿಟ್ ಸೋಕಿಸಿ, ಮೂಸುತ್ತ, ಮೈ ಬಿಗಿಯುತ್ತ ಎಷ್ಟೋ ಸಂಜೆಗಳನ್ನು ಕಳೆದೆ. ಮನೆಯವರಿಗೆ ಇದು ನಗೆಯ ವಿಷಯವಾಗಿತ್ತು. ಅಂಗಿಯ ಗುಂಡಿಗಳಿಗೆ ಹೆದರುವ ಪರಿಚಿತರೊಬ್ಬರಿದ್ದಾರೆ; ಅವರು ಮಾತ್ರ ನಗಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸೂಜಿ ಚುಚ್ಚುವ ತೋಳನ್ನೂ ಬಿಗಿಹಿಡಿದು ಅನಾವಶ್ಯಕವಾಗಿ ನೋವು ತಿಂದೆ, ಆದರೆ ಬೀಳಲಿಲ್ಲ. ಈಗ ರಕ್ತ ತೆಗೆಯುವವರಿಗೆ ಮೊದಲೇ ವಿಷಯ ತಿಳಿಸಿ, ಸಾಧ್ಯವಿದ್ದರೆ ಮಲಗಿಯೇ ಕೈ ಕೊಡುತ್ತೇನೆ. ಅವರು ಅಭ್ಯಾಸಬಲದಿಂದ "ಸಡಿಲ ಬಿಡಿ" ಎನ್ನುತ್ತಾರೆ. ಆ ಒಂದು ತೋಳನ್ನು ಸಡಿಲ ಬಿಟ್ಟು, ಉಳಿದ ಮೈಯನ್ನು ಬಿಗಿಹಿಡಿಯುತ್ತೇನೆ.