ಸುವೊನ್‌ನಲ್ಲಿ ಜೋಳದ ರೊಟ್ಟಿ ಉಬ್ಬಿತು: ನನ್ನ ಅನುಭವ

ಹೋದ ಫೆಬ್ರವರಿಯ ಒಂದು ಭಾನುವಾರ ನಮ್ಮ ಹಂಚಿನ ಮೇಲೆ ಸಾಲಾಗಿ ಹದಿನಾಲ್ಕು ರೊಟ್ಟಿ ಉಬ್ಬಿದವು. ಹದಿನಾಲ್ಕೂ ಇಲ್ಲೇ ಕೊಂಡ ಜೋಳದವು, ಇಲ್ಲೇ ಬೀಸಿದ ಹಿಟ್ಟಿನವು. ನನಗಿಂತ ಐದಾರು ವರ್ಷ ಮೊದಲು ಕೊರಿಯಾಕ್ಕೆ ಬಂದ ಧಾರವಾಡದ ಅಕ್ಕ ಒಬ್ಬರು ನಾನು ಶುರು ಮಾಡಿದಾಗಲೇ ಹೇಳಿದ್ದರು: "ಇಲ್ಲಿನ ಜ್ವಾಳಕ್ಕ ರೊಟ್ಟಿ ಬರೂದಿಲ್ಲ ಬಿಡವಾ, ಸುಮ್ಮನ ರೊಕ್ಕ ಹಾಳು." ನಮ್ಮವರು "ಅನ್ನ ಉಂಡ್ರಾತು" ಅಂದಿದ್ದರು. ಸಿಂದಗಿಯಲ್ಲಿರುವ ಅವ್ವನಿಗೂ ನಂಬಿಕೆ ಇರಲಿಲ್ಲ. ಆ ಹದಿನಾಲ್ಕರ ಫೋಟೊ ಮೊದಲು ಹೋದದ್ದು ಈ ಮೂವರಿಗೇ. ಅಂದಿನಿಂದ ಕೇಳಿದವರಿಗೆಲ್ಲ ಫೋನಿನಲ್ಲಿ ಬಿಡಿಸಿ ಹೇಳುತ್ತಲೇ ಇದ್ದೇನೆ. ಒಮ್ಮೆ ಬರೆದಿಟ್ಟರೆ ಒಳ್ಳೆಯದು ಅನಿಸಿತು. ಎಸರಿಡುವುದು, ನಾದುವುದು, ಬಡಿಯುವುದು, ನೀರು ಸವರಿ ತಿರುವಿ ಹಾಕುವುದು ನಿಮಗೆ ಗೊತ್ತು, ಅದನ್ನು ಹೇಳುವುದಿಲ್ಲ.

ನಾವಿರುವುದು ದಕ್ಷಿಣ ಕೊರಿಯಾದ ಸುವೊನ್ ನಗರದ ಯೊಂಗ್‌ಟೊಂಗ್ ವಿಭಾಗದ ಮಂಗ್‌ಪೊದಲ್ಲಿ. ರಾಜಧಾನಿ ಸೋಲ್‌ನ ದಕ್ಷಿಣಕ್ಕಿರುವ ಊರು, ಹತ್ತು ಲಕ್ಷಕ್ಕೂ ಮೀರಿದ ಜನ. ಬೆಳಿಗ್ಗೆ ಕೆಂಪು ಬಸ್ಸು ಹತ್ತಿ ಸೋಲ್‌ನ ಗಂಗ್ನಮ್ ಕಡೆ ಹೋಗುವವರ ಸಾಲು ನಮ್ಮ ಕಿಟಕಿಗೇ ಕಾಣುತ್ತದೆ. ನಮ್ಮವರ ಕಚೇರಿ ಮಾತ್ರ ಇಲ್ಲೇ, ಹತ್ತು ನಿಮಿಷದ ದಾರಿ. ನಾನು ಬಂದದ್ದು ಎಫ್-3 ವೀಸಾದ ಮೇಲೆ, ಅಂದರೆ ಕುಟುಂಬದವಳಾಗಿ. ಈ ವೀಸಾದವರು ಹಾಗೇ ನೌಕರಿ ಮಾಡುವಂತಿಲ್ಲ. ಊರಲ್ಲಿ ಏಳು ವರ್ಷ ಶಾಲೆಯಲ್ಲಿ ಕಲಿಸಿದವಳು ನಾನು. ಕೈಕಟ್ಟಿ ಕೂತ ಆ ಮೊದಲ ಚಳಿಗಾಲದಲ್ಲೇ ರೊಟ್ಟಿಯ ಹಟ ಹಿಡಿಯಿತು.

ಸೋಲ್‌ನಲ್ಲಿ ವಿದೇಶಿ ಸಾಮಾನು ಸಿಗುವ ಇತಾವೊನ್‌ನ ಅಂಗಡಿಗಳಿಂದ ತರಿಸಿದ ಜೋಳದ ಹಿಟ್ಟಿನಿಂದಲೇ ಎಲ್ಲರಂತೆ ಶುರು ಮಾಡಿದೆ. ಕಿಲೋಗೆ ಎಂಟೊಂಬತ್ತು ಸಾವಿರ ವೋನ್, ನಮ್ಮ ಐನೂರು ರೂಪಾಯಿಗೆ ಹತ್ತಿರ. ಅಷ್ಟು ಕೊಟ್ಟರೂ ಬೀಸಿ ಆರು ತಿಂಗಳಾದ ಹಿಟ್ಟು. ಜಿಗಿ ಎಲ್ಲಿಂದ ಬರಬೇಕು? ಎಷ್ಟು ನಾದಿದರೂ ಅಂಚು ಒಡೆಯಿತು, ಎತ್ತಿದರೆ ಕೈಯಲ್ಲೇ ಮುರಿಯಿತು. ನಾಲ್ಕು ಪೊಟ್ಟಣ ಮುಗಿದ ಮೇಲೆ ಖಾತ್ರಿಯಾಯಿತು: ಹಿಟ್ಟು ತರಿಸುವುದಲ್ಲ, ಕಾಳು ಹುಡುಕಬೇಕು.

ಕಾಳು ಇಲ್ಲಿದೆ. ಜೋಳಕ್ಕೆ ಕೊರಿಯನ್ನರು 'ಸುಸು' ಅನ್ನುತ್ತಾರೆ. ಹಳೆ ಕೋಟೆಯ ಪಾಲ್‌ದಾಲ್ಮುನ್ ಬಾಗಿಲಿನ ಪಕ್ಕದ ಮೊತ್ಕೋಲ್ ಸಂತೆಗೆ ಹೋಗಿ ದಿನಸಿ ಅಂಗಡಿ ನೋಡಿದರೆ ನನ್ನ ಕಣ್ಣಿಗೆ ನಮ್ಮೂರೇ ಕಂಡಿತು. ಜೋಳ, ನವಣೆ, ಬರಗು, ಹೆಸರು, ಅಲಸಂದೆ ಎಲ್ಲ ಚೀಲದ ಬಾಯಿ ತೆರೆದು ಕೂತಿದ್ದವು. ಅಳೆಯುವುದು 'ದ್ವೆ' ಎಂಬ ಚೌಕದ ಮರದ ಅಳತೆಯಲ್ಲಿ, ನಮ್ಮ ಸೇರಿನ ಹಾಗೆ. ಮೂರು ಕಿಲೋ ಜೋಳಕ್ಕೆ ಮೂವತ್ತೈದು ಸಾವಿರದ ಮೇಲೆ ಕೊಟ್ಟು ಹೆಮ್ಮೆಯಿಂದ ಮನೆಗೆ ತಂದೆ. ಬಹುಪಾಲು ಹಾಳಾಯಿತು.

ಇಲ್ಲಿ ಸಿಗುವ ಜೋಳದಲ್ಲಿ ಬಹುಪಾಲು 'ಚಾಲ್' ಜಾತಿ. ಚಾಲ್ ಅಂದರೆ ಅಂಟು. ಇವರು ಅದನ್ನು ಅನ್ನಕ್ಕೆ ಬೆರೆಸುತ್ತಾರೆ, ಅಂಟು ಕಡುಬು ಮಾಡುತ್ತಾರೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕೆಂಪು ಅಲಸಂದೆಯಂಥ ಕಾಳಿನ ಪುಡಿಯಲ್ಲಿ ಹೊರಳಿಸಿದ ಜೋಳದ ಉಂಡೆ ಮಾಡುತ್ತಾರೆ, ಕೆಂಪು ಬಣ್ಣ ದೃಷ್ಟಿ ತೆಗೆಯುತ್ತದೆ ಎಂಬ ನಂಬಿಕೆ. ಅದಕ್ಕೆಲ್ಲ ಅಂಟೇ ಬೇಕು. ರೊಟ್ಟಿಗೆ ಅದೇ ಶತ್ರು. ಬಿಸಿ ಎಸರು ಬಿದ್ದ ಕೂಡಲೇ ಹಿಟ್ಟು ಗೋಂದಾಯಿತು. ತಣ್ಣೀರಲ್ಲಿ ಕಲಸಿದರೆ ಬಡಿಯಲು ಬಂತು, ಆದರೆ ಹಂಚಿಗೆ ಕಚ್ಚಿಕೊಂಡಿತು. ಬೆಂದದ್ದನ್ನು ಹರಿದರೆ ಒಳಗೆ ಹಲ್ಲಿಗೆ ಮೆತ್ತುವ ಹಸಿ ಹಸಿ ಪದರ. ನಮ್ಮ ಮಾಲದಂಡಿ ಬಿಳಿಜೋಳದ ಅಳತೆ, ಲೆಕ್ಕ ಯಾವುದೂ ಇದಕ್ಕೆ ಕೂಡಲಿಲ್ಲ.

ಕೆಟ್ಟ ಹಿಟ್ಟನ್ನು ಎಸೆಯುವುದೂ ಇಲ್ಲಿ ಲೆಕ್ಕದ ಕೆಲಸ. ನಮ್ಮ ಕಟ್ಟಡದ ಕೆಳಗೆ ಅಡುಗೆ ಕಸದ ಯಂತ್ರವಿದೆ. ಕಾರ್ಡು ಹಿಡಿದರೆ ಮುಚ್ಚಳ ತೆರೆದು, ಸುರಿದದ್ದನ್ನು ತೂಗಿ, ಅಂಕಿ ತೋರಿಸುತ್ತದೆ. ತಿಂಗಳ ಕೊನೆಗೆ ಅಷ್ಟು ತೂಕದ ದುಡ್ಡು ನಿರ್ವಹಣೆ ಬಿಲ್ಲಿಗೆ ಸೇರುತ್ತದೆ. ದುಡ್ಡು ಹೆಚ್ಚೇನಲ್ಲ. ಆದರೆ ನಾದಿದ ಹಿಟ್ಟು ಒಂದು ಕಿಲೋ ನಾನೂರು ಗ್ರಾಂ ಎಂದು ಪರದೆಯ ಮೇಲೆ ಕಂಡ ದಿನ ಮನೆಗೆ ಬಂದು ಅತ್ತುಬಿಟ್ಟೆ. ಜೋಳ ಚೆಲ್ಲುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠವಲ್ಲ.

ಚಾಲ್ ಅಲ್ಲದ ಜಾತಿಗೆ 'ಮೆ' ಅನ್ನುತ್ತಾರೆಂದು ಸಂತೆಯ ಮುದುಕಿಯಿಂದ ತಿಳಿಯಿತು. ಅವರನ್ನು ನಾನು ಹಾಲ್ಮೊನಿ ಅಂತಲೇ ಕರೆಯುತ್ತೇನೆ, ಅಜ್ಜಿ ಅಂತ. ಚೀಲದ ಮೇಲೆ ನಾಂಪುಂಗ್‌ಚಾಲ್, ಸೊದಾಮ್‌ಚಾಲ್ ಎಂದು ತಳಿಯ ಹೆಸರಿದ್ದರೆ ಅದು ಅಂಟು ಜೋಳ, ಮುಟ್ಟಬೇಡಿ. ಆದರೆ ಮೆ-ಸುಸು ಸುವೊನ್‌ನ ಅಂಗಡಿಗಳಲ್ಲಿ ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಕೊನೆಗೆ ಸಿಕ್ಕದ್ದು ಆನ್‌ಸಾನ್ ಎಂಬ ಬೇರೆ ಊರಿನಲ್ಲಿ.

ಆನ್‌ಸಾನ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಇಲ್ಲಿರುವ ನಮ್ಮ ಜನ ಏನು ಬೇಕಾದರೂ ಸೋಲ್ ಕಡೆಗೇ ಓಡುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಬುಂದಾಂಗ್ ಮತ್ತು ಸುಇನ್ ರೈಲು ಮಾರ್ಗಗಳನ್ನು ಜೋಡಿಸಿದ ಮೇಲೆ ಮಂಗ್‌ಪೊದಲ್ಲಿ ಹತ್ತಿದರೆ ಗಾಡಿ ಬದಲಿಸದೆ ಆನ್‌ಸಾನ್‌ನಲ್ಲಿ ಇಳಿಯಬಹುದು. ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ಬೋರ್ಡು ನೋಡಿ ಹತ್ತಿ, ಕೆಲವು ಗಾಡಿ ಸುವೊನ್ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ನಿಲ್ದಾಣದ ಎದುರಿಗೇ ವೊಂಗೋಕ್ ಬೀದಿ, 2009ರಲ್ಲಿ ಸರಕಾರವೇ ಬಹುಸಂಸ್ಕೃತಿಯ ವಿಶೇಷ ವಲಯ ಎಂದು ಹೆಸರಿಸಿದ ಜಾಗ. ಬಾನ್‌ವೊಲ್, ಸಿಹ್ವಾ ಕಾರ್ಖಾನೆಗಳಲ್ಲಿ ದುಡಿಯುವ ನೇಪಾಳಿ, ಉಜ್ಬೆಕ್, ಇಂಡೋನೇಷ್ಯಾ, ಚೀನಾದ ಜನ ಭಾನುವಾರ ಅಲ್ಲಿ ತುಂಬಿರುತ್ತಾರೆ, ಅವರಲ್ಲಿ ಬಹಳ ಜನಕ್ಕೆ ಸಿಗುವ ರಜೆ ಅದೊಂದೇ. ಮಂಗ್‌ಪೊದಲ್ಲಿ ನಾವು ಕೆಲವೇ ವಿದೇಶಿಯರು, ಲಿಫ್ಟಿನಲ್ಲಿ ಮಾತು ತಗ್ಗಿಸುತ್ತೇವೆ. ವೊಂಗೋಕ್‌ನಲ್ಲಿ ಸೀರೆಯುಟ್ಟು ನಡೆದರೂ ಯಾರೂ ತಿರುಗಿ ನೋಡಲಿಲ್ಲ. ಬಂದ ಮೇಲೆ ಮೊದಲ ಸಲ ಅಲ್ಲಿ ನಾನು ಗಟ್ಟಿಯಾಗಿ ಕನ್ನಡ ಮಾತಾಡಿದೆ.

ಅಲ್ಲಿನ ಒಂದು ಚೀನಾ ದಿನಸಿ ಅಂಗಡಿಯಲ್ಲಿ ಅವರ ಉತ್ತರ ಸೀಮೆಯ ಜೋಳ ಸಿಗುತ್ತದೆ. ಅಂಟಿಲ್ಲದ್ದು, ಕಿಲೋಗೆ ನಾಲ್ಕು ಸಾವಿರದ ಹತ್ತಿರ. ಅಂಗಡಿ ಯಾವುದೆಂದು ಇಲ್ಲಿ ಹೇಳುವುದಿಲ್ಲ. ತಿಂಗಳಿಗೆ ಎರಡೇ ಚೀಲ ಬರುತ್ತದೆ, ಅದರಲ್ಲಿ ಒಂದು ನನಗೆ ಬೇಕು.

ಕಾಳು ಸಿಕ್ಕಿತು, ಬೀಸುವುದು ಉಳಿಯಿತು. ಸಂತೆಗಳಲ್ಲಿ 'ಬಾಂಗಾತ್ಕಾನ್' ಅಂತ ಗಿರಣಿಗಳಿವೆ. ಎಳ್ಳೆಣ್ಣೆ ತೆಗೆಯುತ್ತಾರೆ, ಮೆಣಸಿನಕಾಯಿ ಕುಟ್ಟುತ್ತಾರೆ, ಅಕ್ಕಿ ಬೀಸುತ್ತಾರೆ. ಐದು ಕಿಲೋ ಒಯ್ದು ನನ್ನ ಅರೆಬರೆ ಕೊರಿಯನ್‌ನಲ್ಲಿ 'ಹಿಟ್ಟು' ಅಂದೆ. ಇಲ್ಲಿ ಹಿಟ್ಟು ಅಂದರೆ ಕಡುಬಿನ ಹಿಟ್ಟು: ನೆನೆಸಿದ ಕಾಳು, ಮೇಲಿಷ್ಟು ಉಪ್ಪು. ಅವರು ತಮ್ಮ ಪದ್ಧತಿಯಂತೆ ನೀರು ಚಿಮುಕಿಸಿ ಉಪ್ಪು ಹಾಕಿಯೇ ಬೀಸಿದರು. ಒದ್ದೆ ಹಿಟ್ಟು, ಮೂರೇ ದಿನಕ್ಕೆ ಹುಳಿವಾಸನೆ. ಎರಡನೇ ಸಲ 'ಒಣಗಿದ್ದೇ ಬೀಸಿ, ಉಪ್ಪು ಬೇಡ' ಎಂದು ಚೀಟಿಯಲ್ಲಿ ಬರೆಸಿಕೊಂಡು ಬೇರೆ ಗಿರಣಿಗೆ ಹೋದೆ. ಅಲ್ಲಿ ಒಣಗಿದ್ದನ್ನೇ ಬೀಸಿದರು, ಆದರೆ ತರಿತರಿ, ಉಪ್ಪಿಟ್ಟಿನ ರವೆಯಷ್ಟು ದಪ್ಪ. ಎರಡೂ ಸೇರಿ ಬೀಸುವ ಕೂಲಿಯೇ ಹದಿನೈದು ಸಾವಿರ ಹೋಯಿತು, ಕಾಳು ಬೇರೆ.

ಊರಿನ ಮಿಕ್ಸಿಯಲ್ಲೂ ನೋಡಿದೆ. ಹಿಟ್ಟು ಬಿಸಿಯಾಗಿ ಜಿಗಿ ಸತ್ತಿತು. ಕೊನೆಗೆ ದಾಂಗುನ್‌ನಲ್ಲಿ ಒಂದು ಸ್ಟೀಲಿನ ಪುಡಿಯಂತ್ರ ಸಿಕ್ಕಿತು. ಅಕ್ಕಪಕ್ಕದವರೇ ಹಳೆ ಸಾಮಾನು ಮಾರುವ ಆ್ಯಪ್ ಅದು, ಇಲ್ಲಿರುವ ನಿಮ್ಮೆಲ್ಲರ ಫೋನಿನಲ್ಲೂ ಇದ್ದೀತು. ನಲವತ್ತೈದು ಸಾವಿರಕ್ಕೆ ಕೊಂಡೆ. ಒಮ್ಮೆಗೆ ಮುನ್ನೂರು ಗ್ರಾಂ, ಇಪ್ಪತ್ತು ಇಪ್ಪತ್ತು ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ಬೀಸಬೇಕು, ನಡುವೆ ಪಾತ್ರೆ ತಣಿಯಬೇಕು. ಅವಸರ ಮಾಡಿದರೆ ಮಿಕ್ಸಿಯ ಗತಿಯೇ. ಆಮೇಲೆ ಸಣ್ಣ ಕಣ್ಣಿನ ಜರಡಿ.

ಬೀಸುವ ಮೊದಲು ತೊಳೆಯುವುದು ಬಿಡಬೇಡಿ. ಕೆಂಪು ಜೋಳಕ್ಕೆ ಒಗರಿದೆ. ಹಾಲ್ಮೊನಿ ಹೇಳಿದಂತೆ ನಾಲ್ಕೈದು ನೀರು ಬದಲಿಸಿ ತೊಳೆದು, ಹಳೆ ಹತ್ತಿಯ ಪಂಚೆಯ ಮೇಲೆ ಹರವುತ್ತೇನೆ, ನೇರ ನೆಲದ ಮೇಲೆ. ಒಂದೋಲ್ ನೆಲ, ಕೆಳಗೆ ಬಿಸಿನೀರು ಹರಿಯುತ್ತದೆ. ರಾತ್ರಿ ಹರವಿದರೆ ಬೆಳಿಗ್ಗೆ ಗಳಗಳ ಅನ್ನುತ್ತದೆ. ನೆಲದ ಮೇಲೆ ಒಣಗಿಸುವುದು ನನ್ನದೇ ಉಪಾಯ, ಇದಿಲ್ಲದಿದ್ದರೆ ತೊಳೆದ ಕಾಳು ಒಣಗುತ್ತಿರಲಿಲ್ಲ. ಜನವರಿಯಲ್ಲಿ ಗ್ಯಾಸ್ ಬಿಲ್ಲು ಒಂದೂವರೆ ಲಕ್ಷ ವೋನ್ ಹೇಗೂ ಬರುತ್ತದೆ. ಆ ಕಾವಿಗೆ ಜೋಳವೂ ಒಣಗಲಿ.

ಈಗ ಬೆರಕೆಯ ಮಾತು. ಚೀನಾ ಜೋಳ ಒಂದೇ ಹಾಕಿದರೆ ಅಂಚು ಸ್ವಲ್ಪ ಬಿರಿಯುತ್ತಿತ್ತು. ಮೊದಲು ಹಾಳಾಗದೆ ಉಳಿದಿದ್ದ ಅಂಟು ಜೋಳ ನೆನಪಾಗಿ ಹಿಡಿಯಷ್ಟು ಸೇರಿಸಿ ಬೀಸಿದೆ. ಅಲ್ಲಿಂದ ದಾರಿ ತೆರೆಯಿತು. ಎಂಟಕ್ಕೆ ಒಂದು, ಹೆಚ್ಚೆಂದರೆ ಏಳಕ್ಕೆ ಒಂದು. ಐದಕ್ಕೆ ಒಂದು ಮಾಡಿದ ದಿನ ಹಂಚಿಗೆ ಅಂಟಿತು. ಎಸರಿಗೆ ನಾನು ಇನ್ನೊಂದು ವಸ್ತುವನ್ನೂ ಹಾಕುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲ ಬೇಕಾಯಿತು, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಹತ್ತರಲ್ಲಿ ಏಳು ಉಬ್ಬುತ್ತವೆ.

ಬೆಂಕಿಯ ವಿಷಯದಲ್ಲಿ ಎಚ್ಚರ. ನಮ್ಮ ಮನೆಯದು ಇಂಡಕ್ಷನ್ ಒಲೆ, ಅದರಲ್ಲಿ ರೊಟ್ಟಿ ಉಬ್ಬಿಸುವ ಆಸೆ ಬಿಡಿ. ಡಬ್ಬಿ ಗ್ಯಾಸಿನ ಒಯ್ಯಬಹುದಾದ ಒಲೆ ತಂದೆ, ಇಪ್ಪತ್ತೈದು ಸಾವಿರ. ಹಂಚಿನ ಬದಲು ಇಲ್ಲಿನವರು ಹಂದಿಮಾಂಸ ಸುಡಲು ಬಳಸುವ ದೊಡ್ಡ ಬೀಡುಕಬ್ಬಿಣದ ಮುಚ್ಚಳ, ಹೊಸದು, ಮೂವತ್ತು ಸಾವಿರದ ಮೇಲೆ. ಕಾವು ಹಿಡಿಯುವುದರಲ್ಲಿ ನಮ್ಮ ಹಂಚನ್ನೂ ಮೀರಿಸಿತು. ಆದರೆ ಅದರ ಅಂಚು ಗ್ಯಾಸ್ ಡಬ್ಬಿಯ ಮೇಲೆ ಚಾಚಿತ್ತು. ಪಕ್ಕದ ಮನೆಯಾಕೆ ನೋಡಿ ಓಡಿಬಂದು ಒಲೆ ಆರಿಸಿದರು. ಅಗಲದ ಪಾತ್ರೆ ಇಟ್ಟರೆ ಡಬ್ಬಿ ಕಾದು ಸಿಡಿಯಬಹುದು, ಇಲ್ಲಿ ಹಾಗೆ ಜನ ಗಾಯಗೊಂಡಿದ್ದಾರೆ. ಅಂದೇ ಮುಚ್ಚಳ ಬದಿಗಿಟ್ಟು, ಒಲೆಯ ಅಳತೆಯೊಳಗೇ ಕೂರುವ ಚಿಕ್ಕ ಹಂಚು ಊರಿಂದ ತರಿಸಿದೆ. ರೊಟ್ಟಿ ಅಂಗೈಗಿಂತ ಸ್ವಲ್ಪ ದೊಡ್ಡದಷ್ಟೇ ಆಗುತ್ತದೆ. ಆಗಲಿ. ಕಿಟಕಿ ತೆರೆದೇ ಮಾಡಿ.

ಇದೆಲ್ಲಕ್ಕಿಂತ ಕಷ್ಟವಾದದ್ದು ಬಡಿಯುವ ಸದ್ದು. ನೆಲದ ಮೇಲೆ ಹಲಗೆ ಇಟ್ಟು ಬಡಿಯುತ್ತಿದ್ದೆ, ಅವ್ವ ಕಲಿಸಿದ ಹಾಗೆ. ನಾಲ್ಕನೇ ಸಂಜೆ ಗೋಡೆಯ ಇಂಟರ್‌ಫೋನ್ ಮೊಳಗಿತು. ನಿರ್ವಹಣೆ ಕಚೇರಿಯವರು: ಕೆಳಮನೆಯಿಂದ ದೂರು, ದಿನಾ ಏನೋ ಕುಟ್ಟುತ್ತಾರಂತೆ. ಮಹಡಿ ಸದ್ದಿಗೆ ಇವರಲ್ಲಿ 'ಛುಂಗ್‌ಗಾನ್ ಸೊಉಮ್' ಅಂತ ಹೆಸರೇ ಇದೆ, ಕಾಂಕ್ರೀಟಿನ ಗೋಡೆ ನೆಲ ಹಿಡಿದು ಸದ್ದು ಇಳಿಯುತ್ತದೆ, ನೆರೆಹೊರೆ ಪೊಲೀಸರವರೆಗೆ ಹೋದದ್ದಿದೆ. ಎರಡು ವಾರ ರೊಟ್ಟಿ ನಿಲ್ಲಿಸಿದೆ. ಲಟ್ಟಿಸಿ ನೋಡಿದೆ, ನನಗೆ ಅದು ರೊಟ್ಟಿ ಅನಿಸಲಿಲ್ಲ. ಆಮೇಲೆ ಮಕ್ಕಳು ಆಡುವ ನಾಲ್ಕು ಸೆಂಟಿಮೀಟರ್ ದಪ್ಪದ ಚಾಪೆ ದಾಂಗುನ್‌ನಲ್ಲೇ ಮೂವತ್ತು ಸಾವಿರಕ್ಕೆ ಕೊಂಡು, ಎರಡು ಮಡಿಕೆ ಮಾಡಿ, ಅದರ ಮೇಲೆ ಹಲಗೆ ಇಟ್ಟೆ. ನಮ್ಮವರನ್ನು ಕೆಳಮನೆಗೆ ಕಳಿಸಿ, ಅಲ್ಲಿ ನಿಂತು ಕೇಳಲು ಹೇಳಿದೆ. ಆ ಮನೆಯ ಅಮ್ಮನೂ ಕಿವಿಗೊಟ್ಟು ಕೇಳಿ, ಸದ್ದಿಲ್ಲ ಅಂದರಂತೆ. ಅಂದು ಬಿಸಿ ರೊಟ್ಟಿ, ಜೊತೆಗೆ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ದುಕೊಟ್ಟೆ. ಈಗಲೂ ರಾತ್ರಿ ಎಂಟರ ಮೇಲೆ ಬಡಿಯುವುದಿಲ್ಲ.

ಹಿಂಡಿ ಅಂದೆನಲ್ಲ. ಗುರೆಳ್ಳು ಇಲ್ಲಿ ಸಿಗಲಿಲ್ಲ. 'ದುಲ್ಕೆ' ಎಂಬ ಕಾಳಿದೆ, ಇವರು ಎಲೆಯನ್ನು ತಿನ್ನುತ್ತಾರೆ, ಬೀಜದ ಎಣ್ಣೆ ತೆಗೆಯುತ್ತಾರೆ. ಸಿಪ್ಪೆ ಸಮೇತದ ಬೀಜ ಹುರಿದು, ಬೆಳ್ಳುಳ್ಳಿ, ಉಪ್ಪು, ಇಲ್ಲಿನ ಮೆಣಸಿನ ಪುಡಿ ಹಾಕಿ ಕುಟ್ಟಿದರೆ ಗುರೆಳ್ಳು ಹಿಂಡಿಯ ಅಕ್ಕನೋ ತಂಗಿಯೋ ಅನ್ನುವಂತಿರುತ್ತದೆ. ಸಣ್ಣ ಉರಿ ಇರಲಿ, ಕಣ್ಣು ತಪ್ಪಿದರೆ ಕಹಿ. ಸಾರಿಗೆ ಹಾಕುವ ಸಿಪ್ಪೆ ತೆಗೆದ ಬಿಳಿ ಪುಡಿ ಬೇಡ, ಹಿಂಡಿ ಮುದ್ದೆಯಾಗುತ್ತದೆ. ಮೆಣಸಿನ ಪುಡಿಗೆ ಬ್ಯಾಡಗಿಯ ಬಣ್ಣವಿದೆ, ಖಾರ ಕಡಿಮೆ, ಚೊಂಗ್ಯಾಂಗ್ ಮೆಣಸಿನಕಾಯಿ ಒಣಗಿಸಿ ಬೆರೆಸುತ್ತೇನೆ. ನವಣೆಯಲ್ಲೂ ಜೋಳದ ಕಥೆಯೇ: ಚಾಜೊ ಅಂಟು, ಮೆಜೊ ಉದುರು. ಉದುರು ನವಣೆಯ ಅನ್ನ ಚೆನ್ನಾಯಿತು, ರೊಟ್ಟಿ ಆಗಲಿಲ್ಲ. ಸಜ್ಜೆ ಎಲ್ಲೂ ಕಾಣಲಿಲ್ಲ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಕೊರತೆ ಹಾಗೇ ಇದೆ.

ಕಡಕ್ ರೊಟ್ಟಿಯನ್ನೂ ಒಂದೋಲ್ ನೆಲದ ಮೇಲೆ ಒಣಗಿಸಿದೆ. ಒಂದು ಹಗಲು, ಒಂದು ರಾತ್ರಿ. ತಿಂಗಳು ಇಟ್ಟರೂ ಮೆತ್ತಗಾಗಲಿಲ್ಲ. ಆದರೆ ಜೂನ್ ಕೊನೆಗೆ ಶುರುವಾಗುವ ಜಡಿಮಳೆಯಲ್ಲಿ ಡಬ್ಬಿಯೊಳಗಿದ್ದದ್ದೂ ಚರ್ಮವಾಯಿತು.

ನಾಲ್ಕು ವರ್ಷದ ಒಟ್ಟು ಖರ್ಚು, ಕೆಟ್ಟ ಕಾಳು, ಕೂಲಿ, ಯಂತ್ರ, ಒಲೆ, ಮುಚ್ಚಳ, ಚಾಪೆ, ರೈಲು ಎಲ್ಲ ಸೇರಿ ಮೂರು ಲಕ್ಷ ವೋನ್ ದಾಟಿರಬೇಕು, ನಮ್ಮ ಹದಿನೆಂಟು ಸಾವಿರ ರೂಪಾಯಿಯ ಸುಮಾರು. ಈಗ ಒಂದು ರೊಟ್ಟಿಗೆ ಗ್ಯಾಸ್ ಸೇರಿ ಇನ್ನೂರೈವತ್ತು ವೋನ್ ಬೀಳುತ್ತದೆ. ಧಾರವಾಡದ ಅಕ್ಕ ಬಂದು ನಾಲ್ಕು ಉಂಡು, ಎರಡು ಕಟ್ಟಿಸಿಕೊಂಡು ಹೋದರು. ಅವರಿಗೂ ಎಸರಿನ ಗುಟ್ಟು ಹೇಳಿಲ್ಲ.

ಚಾಂದ್ರಮಾನದ ಮೊದಲ ಹುಣ್ಣಿಮೆಗೆ ಇವರು ಐದು ಕಾಳಿನ ಅನ್ನ ಮಾಡುತ್ತಾರೆ. ಅದರ ಹಿಂದಿನ ಎರಡು ವಾರ ಸಂತೆಯಲ್ಲಿ ಅಂಟು ಜೋಳ ಹೊಸದಾಗಿ ಬಂದಿರುತ್ತದೆ. ವರ್ಷಕ್ಕೆ ಬೇಕಾದ ಬೆರಕೆಯ ಜೋಳ ಆಗಲೇ ಕೊಳ್ಳಿ. ನಾನು ಈ ಸಲ ಎರಡು ಕಿಲೋ ಕೊಂಡು, ತೊಳೆದು, ಒಣಗಿಸಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಆನ್‌ಸಾನ್‌ನ ಚೀಲ ಮುಂದಿನ ಭಾನುವಾರ ತರಬೇಕು.