ಅಡುಗೆಮನೆ ಕಿಟಕಿ: ಅರ್ಧ ಮುಚ್ಚಿದರೆ ಸಾಕು

30×40 ಸೈಟಿನ ಮನೆಗಳಲ್ಲಿ ಅಡುಗೆಮನೆ ಕಿಟಕಿ ಪಕ್ಕದ ಮನೆ ಕಿಟಕಿಗೇ ಎದುರು. ಬಟ್ಟೆ ಪರದೆ ಹಾಕಿದರೆ ಒಗ್ಗರಣೆ ಜಿಡ್ಡು ಹಿಡಿಯುತ್ತದೆ, ಒಲೆ ಪಕ್ಕದಲ್ಲಂತೂ ಅಪಾಯ. ಕನ್ನಡಿಯಂಥ ಒನ್‌ವೇ ಫಿಲ್ಮ್ ಹಗಲಿಗೆ ಸರಿ. ರಾತ್ರಿ ಒಳಗೆ ದೀಪ ಹಾಕಿದೊಡನೆ ಹೊರಗಿನವರಿಗೆ ಎಲ್ಲವೂ ಕಾಣುತ್ತದೆ.

ಕೆಲಸಕ್ಕೆ ಬಂದದ್ದು ಬಿಳಿ ಫ್ರಾಸ್ಟೆಡ್ ಫಿಲ್ಮ್ (ಗಾಜನ್ನು ಮಬ್ಬಾಗಿಸುವ ಅಂಟುಹಾಳೆ), ಅದೂ ಕೆಳಗಿನ ಭಾಗಕ್ಕೆ ಮಾತ್ರ. ಕಿಟಕಿಯ ತಳ ನೆಲದಿಂದ ಮೂರೂವರೆ ಅಡಿ. ಅಲ್ಲಿಂದ 2 ಅಡಿ ಅಂಟಿಸಿದರೆ ನಿಂತವರ ಕಣ್ಣಿನ ಮಟ್ಟ ದಾಟುತ್ತದೆ. ಮೇಲಿನ ಗಾಜಿನಿಂದ ಬೆಳಕು ನೇರ ಬರುತ್ತದೆ, ಕೆಳಗಿನದು ಚದುರಿ ಕಟ್ಟೆಯ ಮೇಲೆ ಮೆತ್ತಗೆ ಬೀಳುತ್ತದೆ.

ಕೆಡುವುದು ಅಂಟಿಸುವಾಗಲೇ. ಜಿಡ್ಡು ಉಳಿದರೆ ಒಂದು ತಿಂಗಳಲ್ಲಿ ಅಂಚು ಏಳುತ್ತದೆ. ಗಾಜನ್ನು ಸೋಪುನೀರಲ್ಲಿ ಎರಡು ಸಲ ತೊಳೆದು, ಬಣ್ಣದ ಚುಕ್ಕೆಗಳನ್ನು ಬ್ಲೇಡಿನಿಂದ ಕೆರೆಯಿರಿ. 1 ಲೀಟರ್ ನೀರಿಗೆ 4-5 ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಗಾಜಿಗೂ ಫಿಲ್ಮಿನ ಅಂಟಿಗೂ ಧಾರಾಳವಾಗಿ ಸಿಂಪಡಿಸಿ. ಒದ್ದೆಯಿದ್ದರೆ ಫಿಲ್ಮ್ ಜಾರುತ್ತದೆ, ಸರಿಹೊಂದಿಸಬಹುದು. ಆಮೇಲೆ ಮಧ್ಯದಿಂದ ಅಂಚಿಗೆ ಸ್ಕ್ವೀಜಿ (ನೀರು ತಳ್ಳುವ ರಬ್ಬರ್ ಪಟ್ಟಿ) ಎಳೆಯಿರಿ. ಸುತ್ತ 2 ಮಿಲಿಮೀಟರ್ ಜಾಗ ಬಿಡಿ. ಫಿಲ್ಮ್ ಗಾಜಿನ ಸುತ್ತಲಿನ ರಬ್ಬರಿಗೆ ತಾಗಿದರೆ ನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ಉಬ್ಬುತ್ತದೆ. ಸಣ್ಣ ನೀರ್ಗುಳ್ಳೆಗಳು ಕೆಲವೇ ದಿನಗಳಲ್ಲಿ ಒಣಗುತ್ತವೆ, ಚುಚ್ಚಬೇಡಿ. ಒಂದು ವಾರ ಒರೆಸುವುದೂ ಬೇಡ.

ಉಬ್ಬುತಗ್ಗಿನ ಡಿಸೈನ್ ಗಾಜಿಗೆ ಇದು ಅಂಟುವುದಿಲ್ಲ. ಕಿಟಕಿ ತೆರೆದಾಗಲೂ ಮರೆ ಬೇಕಿದ್ದರೆ ಒಲೆಯಿಂದ ದೂರದ ಕಿಟಕಿಗೆ ಟೆನ್ಷನ್ ರಾಡ್ (ಮೊಳೆಯಿಲ್ಲದೆ ಸ್ಪ್ರಿಂಗ್ ಒತ್ತಡದಲ್ಲೇ ನಿಲ್ಲುವ ಸರಳು) ಹಾಕಿ, ತೆಳು ಹತ್ತಿಬಟ್ಟೆಯ ಅರ್ಧ ಪರದೆ ಕಟ್ಟಿ. ತಿಂಗಳಿಗೊಮ್ಮೆ ಒಗೆಯಲೇಬೇಕು.